ಗಾಜಿನ ಹಿಂದೆ ಚಿನ್ನ: ಮನೆಯ ಹೆಸರಿನ ಫಲಕವನ್ನು ನೀವೇ ಮಾಡುವ ಬಗೆ

ಗಾಜಿನ ಹಿಂಬದಿಗೆ ಚಿನ್ನದ ರೇಕು ಕೂರಿಸಿ, ಮುಂಬದಿಯಿಂದ ನೋಡುವಂತೆ ಮಾಡಿದ ಅಕ್ಷರಕ್ಕೆ ಕನ್ನಡಿಯ ಹೊಳಪಿರುತ್ತದೆ. ಗೋಲ್ಡ್ ಪೇಂಟು, ವಿನೈಲ್ ಸ್ಟಿಕ್ಕರು, ಹಿತ್ತಾಳೆ ತಗಡು, ಇವು ಯಾವುದರಿಂದಲೂ ಆ ಹೊಳಪು ಬರುವುದಿಲ್ಲ. ರೇಕು ಎಷ್ಟು ತೆಳುವೆಂದರೆ ಅದಕ್ಕೆ ತನ್ನದೇ ಆದ ಮೈ ಇಲ್ಲ; ಯಾವುದಕ್ಕೆ ಅಂಟಿಕೊಂಡಿತೋ ಅದರ ಮೈಯನ್ನೇ ಪಡೆದುಕೊಳ್ಳುತ್ತದೆ. ಗಾಜಿನ ಮೈ ನುಣುಪು, ಹಾಗಾಗಿ ಚಿನ್ನವೂ ನುಣುಪು.

ಮೈಸೂರು ಶೈಲಿಯ ಚಿತ್ರ ಬರೆಯುವವರಿಗೆ ಚಿನ್ನದ ರೇಕು ಹೊಸದಲ್ಲ. ಅಲ್ಲಿ ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪವಾದ ಗೆಸ್ಸೋದಿಂದ ಉಬ್ಬು ಕೆಲಸ ಮಾಡಿ ಅದರ ಮೇಲೆ ರೇಕು ಹಚ್ಚುತ್ತಾರೆ, ಬೆಳಕು ಉಬ್ಬುತಗ್ಗಿನ ಮೇಲೆ ಆಡುತ್ತದೆ. ಇಲ್ಲಿ ಎಲ್ಲವೂ ತಿರುಗುಮುರುಗು. ಮೊದಲು ಇಟ್ಟದ್ದು ಮುಂದೆ ಕಾಣುತ್ತದೆ, ಆಮೇಲೆ ಹಚ್ಚಿದ್ದು ಅದರ ಹಿಂದೆ ಹೋಗುತ್ತದೆ, ಅಕ್ಷರವನ್ನು ಬಲದಿಂದ ಎಡಕ್ಕೆ ಬರೆಯಬೇಕಾಗುತ್ತದೆ. ಕೆಲಸದ ಉದ್ದಕ್ಕೂ ಈ ಒಂದು ಮಾತು ತಲೆಯಲ್ಲಿರಲಿ.

ವಿದ್ಯೆ ಬಹಳ ಹಳೆಯದು. ರೋಮಿನ ನೆಲದಡಿಯ ಸಮಾಧಿಗಳಲ್ಲಿ ಸಿಕ್ಕಿರುವ 4ನೇ ಶತಮಾನದ ಗಾಜಿನ ಬಟ್ಟಲುಗಳ ತಳದಲ್ಲಿ ಎರಡು ಗಾಜಿನ ನಡುವೆ ಸಿಕ್ಕಿಸಿದ ಚಿನ್ನದ ಚಿತ್ರಗಳಿವೆ. ಇಟಲಿಯ ವರ್ಣಚಿತ್ರಕಾರ ಚೆನ್ನೀನೋ ಚೆನ್ನೀನಿ 1400ರ ಸುಮಾರಿಗೆ ಗಾಜಿನ ಮೇಲೆ ಚಿನ್ನ ಹಚ್ಚುವ ವಿಧಾನವನ್ನು ಬರೆದಿಟ್ಟಿದ್ದಾನೆ. ಇಂದು ಈ ಕಲೆಯನ್ನು ಫ್ರೆಂಚರು 'ವೆರ್ ಎಗ್ಲೊಮಿಸೆ' ಎನ್ನುವುದು 18ನೇ ಶತಮಾನದ ಪ್ಯಾರಿಸ್ಸಿನ ಚಿತ್ರಚೌಕಟ್ಟಿನ ಕುಶಲಕರ್ಮಿ ಗ್ಲೋಮಿಯ ಹೆಸರಿನಿಂದ. ವಿಕ್ಟೋರಿಯಾ ಕಾಲದ ಲಂಡನ್, ಲಿವರ್‌ಪೂಲ್‌ಗಳ ಪಬ್ಬುಗಳಲ್ಲಿ, ಅಮೆರಿಕದ ಬ್ಯಾಂಕು ಮತ್ತು ವಕೀಲರ ಕಚೇರಿಗಳ ಬಾಗಿಲುಗಳಲ್ಲಿ ಇದು ಬೋರ್ಡು ಬರೆಯುವವರ ದಿನನಿತ್ಯದ ಕಸುಬಾಯಿತು. ಕೆಳಗೆ ಹೇಳುವುದು ಆ ಬೋರ್ಡು ಬರೆಯುವವರ ವಿಧಾನ: ಜಿಲೆಟಿನ್ ನೀರು, ಬಿಡಿ ರೇಕು, ಹಿಂದೆ ಎನಾಮೆಲ್ ಬಣ್ಣ.

ಉದಾಹರಣೆಗೆ 'ಬೆಳಗು' ಎಂಬ ಮನೆಯ ಹೆಸರನ್ನೇ ತೆಗೆದುಕೊಳ್ಳೋಣ. ಮೂರೇ ಅಕ್ಷರ, ಆದರೆ ಸುಳಿ, ಕೊಂಬು, ದುಂಡು ಹೊಟ್ಟೆ ಎಲ್ಲವೂ ಇವೆ. ಗಾಜು 45 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ. ಅಕ್ಷರದ ಎತ್ತರ 9 ಸೆಂ.ಮೀ., ಹೆಸರಿನ ಒಟ್ಟು ಉದ್ದ 28 ಸೆಂ.ಮೀ.

ಬೇಕಾದ ಸಾಮಾನು

ಗಾಜು: 5 ಮಿ.ಮೀ. ದಪ್ಪದ ಸಾದಾ ಫ್ಲೋಟ್ ಗಾಜು. ಅಂಗಡಿಯಲ್ಲೇ ನಾಲ್ಕೂ ಅಂಚು ಪಾಲಿಶ್ ಮಾಡಿಸಿಕೊಳ್ಳಿ. ಒದ್ದೆ ಕೈಯಲ್ಲಿ ಹಿಡಿಯುವ ವಸ್ತು, ಅಂಚು ಹರಿತವಾಗಿದ್ದರೆ ಬೆರಳು ಕೊಯ್ಯುತ್ತದೆ. ಗೀರಿರುವ ಹಳೆಯ ಗಾಜು ಬೇಡ. ಗೀರಿನೊಳಗೆ ಚಿನ್ನ ಇಳಿದರೆ ಅದೇ ಮೊದಲು ಕಣ್ಣಿಗೆ ಬೀಳುತ್ತದೆ.

ಚಿನ್ನ: 23 ಕ್ಯಾರೆಟ್ ಅಥವಾ ಅದಕ್ಕಿಂತ ಮೇಲಿನ ಬಿಡಿ ರೇಕು. ಸಾಮಾನ್ಯವಾಗಿ 25 ರೇಕುಗಳ ಪುಟ್ಟ ಪುಸ್ತಕವಾಗಿ ಸಿಗುತ್ತದೆ, ಒಂದೊಂದು ರೇಕು 80 ಮಿ.ಮೀ. ಚೌಕ. ಇಡೀ ಪುಸ್ತಕದಲ್ಲಿರುವ ಚಿನ್ನ ಅರ್ಧ ಗ್ರಾಮಿಗೂ ಕಡಿಮೆ. ಕೊಳ್ಳುವಾಗ 'ಲೂಸ್ ಲೀಫ್' ಎಂದೇ ಕೇಳಿ. 'ಟ್ರಾನ್ಸ್‌ಫರ್ ಲೀಫ್' ಎಂದು ಮಾರುವುದರಲ್ಲಿ ರೇಕನ್ನು ಕಾಗದಕ್ಕೆ ಒತ್ತಿ ಅಂಟಿಸಿರುತ್ತಾರೆ, ನೀರಿನ ಕೆಲಸಕ್ಕೆ ಅದು ಒಗ್ಗುವುದಿಲ್ಲ. ತಂಜಾವೂರು ಚಿತ್ರಕ್ಕೆ ಬಳಸುವ ದಪ್ಪ ಫಾಯಿಲೂ ಇದಕ್ಕೆ ಆಗದು. 'ಇಮಿಟೇಶನ್ ಲೀಫ್' ಎಂಬುದು ತಾಮ್ರ ಸತುವಿನ ಮಿಶ್ರಲೋಹ. ಅಗ್ಗ ನಿಜ, ಆದರೆ ದಪ್ಪ. ಕಾಲ ಕಳೆದಂತೆ ಕಪ್ಪಾಗುತ್ತದೆ. ಕೈ ಪಳಗಿಸಲೂ ಅದು ಬೇಡವೆಂದೇ ನನ್ನ ಸಲಹೆ, ಏಕೆಂದರೆ ಅದು ವರ್ತಿಸುವ ರೀತಿಯೇ ಬೇರೆ. ಕಲಿಯುವುದಿದ್ದರೆ ಚಿಕ್ಕ ಗಾಜಿನ ಮೇಲೆ ನಿಜವಾದ ಚಿನ್ನದ ಒಂದೆರಡು ರೇಕಿನಿಂದ ಕಲಿಯಿರಿ.

ರೇಕು ಎತ್ತುವ ಬ್ರಷ್: ಗಿಲ್ಡರ್ಸ್ ಟಿಪ್. ಎರಡು ರಟ್ಟುಗಳ ನಡುವೆ ಅಳಿಲಿನ ಕೂದಲನ್ನು ತೆಳುವಾಗಿ ಹರಡಿ ಅಂಟಿಸಿದ ಚಪ್ಪಟೆ ಬ್ರಷ್ ಅದು. ಆನ್‌ಲೈನ್ ಕಲಾಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ. ಇದಕ್ಕೆ ಬದಲಿ ಹುಡುಕಬೇಡಿ, ರೇಕು ಬೆರಳಿಗೆ ಸಿಕ್ಕರೆ ಪುಡಿಯಾಗುತ್ತದೆ.

ಅಂಟಿಗೆ: 00 ಅಳತೆಯ ಖಾಲಿ ಜಿಲೆಟಿನ್ ಕ್ಯಾಪ್ಸೂಲ್, ಡಿಸ್ಟಿಲ್ಡ್ ವಾಟರ್. ಇಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಸಸ್ಯಾಹಾರಿ ಕ್ಯಾಪ್ಸೂಲುಗಳೂ ಧಾರಾಳವಾಗಿ ಸಿಗುತ್ತವೆ, ಬೇಕರಿ ಸಾಮಾನಿನ ಅಂಗಡಿಯಲ್ಲಿ 'ವೆಜ್ ಜಿಲೆಟಿನ್' ಎಂದು ಚೈನಾ ಗ್ರಾಸ್ ಕೊಡುವುದೂ ಉಂಟು. ಈ ವಿಧಾನಕ್ಕೆ ಬೇಕಾದದ್ದು ಪ್ರಾಣಿಜನ್ಯ ಜಿಲೆಟಿನ್ನೇ. ಅದನ್ನು ಮುಟ್ಟಲು ಮನಸ್ಸಿಲ್ಲದವರು ಅಗಸೆ ಎಣ್ಣೆಯಿಂದ ಮಾಡಿದ 'ಆಯಿಲ್ ಸೈಜ್' ಬಳಸಬಹುದು. ಆಗ ಚಿನ್ನ ಕನ್ನಡಿಯಂತೆ ಹೊಳೆಯದೆ ಮಂದವಾಗಿ ಕಾಣುತ್ತದೆ. ಅದಕ್ಕೂ ಅದರದೇ ಚೆಲುವಿದೆ.

ಉಳಿದಂತೆ: ಅಂಟುನೀರು ಹಚ್ಚಲು ಎರಡು ಇಂಚಿನ ಮೆತ್ತನೆಯ ಹೊಸ ಬ್ರಷ್, ಬೋರ್ಡು ಬರೆಯುವ ಉದ್ದ ಕೂದಲಿನ ಬ್ರಷ್ 4 ಮತ್ತು 6ನೇ ನಂಬರು, ಸಿಂಥೆಟಿಕ್ ಎನಾಮೆಲ್ ಬಣ್ಣ, ಟರ್ಪೆಂಟೈನ್, ಔಷಧಿ ಅಂಗಡಿಯ ಹತ್ತಿ, ಐಸೊಪ್ರೊಪೈಲ್ ಆಲ್ಕೋಹಾಲ್, ನುಣ್ಣನೆಯ ಚಾಕ್ ಪುಡಿ, ಹೊಸ ಬ್ಲೇಡು.

ಅಕ್ಷರ ಬರೆದುಕೊಳ್ಳುವುದು

ಕಂಪ್ಯೂಟರಿನ ಫಾಂಟನ್ನು ಹಾಗೇ ಪ್ರಿಂಟ್ ತೆಗೆದು ಬಳಸುವ ಆಸೆಯಾಗುತ್ತದೆ. ಪುಸ್ತಕದ ಪುಟಕ್ಕೆಂದು ಮಾಡಿದ ಅಕ್ಷರದಲ್ಲಿ ಸುಳಿಗಳ ಒಳಗಿನ ಜಾಗ ತೀರಾ ಕಿರಿದು. ಗಾಜಿನ ಮೇಲೆ ಆ ಜಾಗದಲ್ಲಿ ಉಳಿದ ಚಿನ್ನವನ್ನು ಕೆರೆದು ತೆಗೆಯುವುದು ನೀವೇ, ಆದ್ದರಿಂದ ಬ್ಲೇಡಿನ ಮೂಲೆ ಆಡುವಷ್ಟಾದರೂ ಎಡೆಯಿರಲಿ. 9 ಸೆಂ.ಮೀ. ಎತ್ತರದ ಅಕ್ಷರದಲ್ಲಿ ಗೆರೆಯ ದಪ್ಪ 10 ಮಿ.ಮೀ. ಆಸುಪಾಸು, ಸುಳಿಯೊಳಗಿನ ಖಾಲಿ ಜಾಗ ಕನಿಷ್ಠ 4 ಮಿ.ಮೀ. ಇಟ್ಟುಕೊಳ್ಳಿ. 'ಬೆ'ಯ ಎತ್ವ, 'ಳ'ದ ಒಳಸುಳಿ, 'ಗು'ವಿನ ಕೊಂಬು ಇವು ಮೂರನ್ನೂ ಪೆನ್ಸಿಲಿನಲ್ಲಿ ತಿದ್ದಿ ಸ್ವಲ್ಪ ಬಿಡಿಸಿ ಬರೆಯಬೇಕಾಗುತ್ತದೆ. ಒತ್ತಕ್ಷರವಿರುವ ಹೆಸರಾದರೆ ಒತ್ತನ್ನು ತುಸು ಕೆಳಗಿಳಿಸಿ, ಮೇಲಿನ ಅಕ್ಷರಕ್ಕೆ ಮುಟ್ಟದಂತೆ ಇಡಿ.

ಚಿತ್ರ ಸರಿ ಕಂಡ ಮೇಲೆ ಟ್ರೇಸಿಂಗ್ ಪೇಪರಿಗೆ ಇಳಿಸಿ. ಹೊರರೇಖೆಯ ಮೇಲೆ ಎರಡು ಮಿ.ಮೀ.ಗೊಂದರಂತೆ ಸೂಜಿಯಿಂದ ಚುಚ್ಚುತ್ತ ಹೋಗಿ. ಕಾಗದದ ಹಿಂಬದಿಯಲ್ಲಿ ಎದ್ದ ತೂತಿನ ಅಂಚನ್ನು ನಯವಾದ ಮರಳುಕಾಗದದಿಂದ ಉಜ್ಜಿ ಸವರಿ, ಇಲ್ಲವಾದರೆ ತೂತು ಮುಚ್ಚಿಕೊಳ್ಳುತ್ತದೆ. ತೂತಿನ ಡಬ್ಬಿಯಿಂದ ರಂಗೋಲಿ ಇಳಿಸುವ ಕ್ರಮವೇ ಇಲ್ಲೂ: ಬಟ್ಟೆಯ ಪುಟ್ಟ ಗಂಟಿನಲ್ಲಿ ಚಾಕ್ ಪುಡಿ ಕಟ್ಟಿ ಕಾಗದದ ಮೇಲೆ ಮೆತ್ತಗೆ ತಟ್ಟಿದರೆ ಕೆಳಗೆ ಚುಕ್ಕಿಯ ಸಾಲು ಮೂಡುತ್ತದೆ. ಕಾಗದವನ್ನು ಮಗುಚಿ ಇಡಬೇಕು ಎಂಬುದನ್ನು ಮರೆಯದಿರಲು ಮುಂಬದಿಯ ಮೇಲೆ ದೊಡ್ಡದಾಗಿ 'ಮುಂದೆ' ಎಂದೂ, ಹಿಂಬದಿಯ ಮೇಲೆ 'ಹಿಂದೆ' ಎಂದೂ ಬರೆದುಬಿಡಿ.

ಗಾಜಿನ ಮುಂಬದಿಯ ಮೇಲೆ ಮಾರ್ಕರಿನಿಂದ ಹೆಸರು ಬರುವ ಜಾಗಕ್ಕೆ ಒಂದು ಚೌಕ ಎಳೆಯಿರಿ. ಹಿಂದಿನಿಂದ ಕೆಲಸ ಮಾಡುವಾಗ ಅದು ಗಾಜಿನ ಮೂಲಕ ಕಾಣುತ್ತದೆ, ರೇಕು ಎಲ್ಲಿಂದ ಎಲ್ಲಿಯವರೆಗೆ ಇಡಬೇಕು ಎಂಬುದು ಗೊತ್ತಾಗುತ್ತದೆ.

ಗಾಜು ತೊಳೆಯುವುದು

ಹಣವೆಲ್ಲ ಚಿನ್ನಕ್ಕೆ ಹೋಗುತ್ತದೆ, ಫಲ ಮಾತ್ರ ತೊಳೆದ ಗಾಜನ್ನು ಅವಲಂಬಿಸಿದೆ. ಬೆರಳಿನ ಒಂದು ಜಿಡ್ಡುಗುರುತು ಉಳಿದರೂ ಅಂಟುನೀರು ಅಲ್ಲಿ ನಿಲ್ಲುವುದಿಲ್ಲ, ಚಿನ್ನ ಹಿಡಿಯುವುದಿಲ್ಲ. ಕೊನೆಗೆ ಎಲ್ಲ ಮುಗಿದ ಮೇಲೆ ಆ ಬೆರಳು ಚಿನ್ನದಲ್ಲಿ ಅಚ್ಚಾಗಿ ಕಾಣುತ್ತದೆ.

ಚಾಕ್ ಪುಡಿಗೆ ನೀರು ಮತ್ತು ಆಲ್ಕೋಹಾಲ್ ಬೆರೆಸಿ ತೆಳು ಗಂಜಿಯ ಹದಕ್ಕೆ ಕಲಸಿ. ಹೊಸ ಹತ್ತಿಯಿಂದ ಗಾಜಿನ ಹಿಂಬದಿಯನ್ನೆಲ್ಲ ಉಜ್ಜಿ, ಒಣಗಲು ಬಿಡಿ, ಒಣ ಹತ್ತಿಯಿಂದ ಒರೆಸಿ. ಇದನ್ನೇ ಇನ್ನೊಮ್ಮೆ ಮಾಡಿ. ಕೊನೆಗೆ ಡಿಸ್ಟಿಲ್ಡ್ ನೀರಿನಿಂದ ತೊಳೆಯಿರಿ. ಕಿಟಕಿ ಗಾಜಿಗೆ ಸಿಂಪಡಿಸುವ ಬಣ್ಣಬಣ್ಣದ ದ್ರಾವಣಗಳನ್ನು ಬಳಸಬೇಡಿ. ಅವುಗಳಲ್ಲಿ ಹೊಳಪಿಗೆಂದು ಬೆರೆಸಿದ್ದು ಗಾಜಿನ ಮೇಲೆ ಪದರವಾಗಿ ಉಳಿಯುತ್ತದೆ.

ಪರೀಕ್ಷೆ ಹೀಗೆ: ಗಾಜನ್ನು ಓರೆಯಾಗಿ ಹಿಡಿದು ಡಿಸ್ಟಿಲ್ಡ್ ನೀರು ಹುಯ್ಯಿರಿ. ನೀರು ಒಂದೇ ಪರದೆಯಾಗಿ ಹರಡಿ ಇಳಿದರೆ ಗಾಜು ಶುದ್ಧ. ಎಲ್ಲಾದರೂ ಬಿಟ್ಟುಕೊಂಡು ಹನಿಗಟ್ಟಿದರೆ ಅಲ್ಲಿ ಜಿಡ್ಡಿದೆ, ಮತ್ತೆ ಉಜ್ಜಿ. ಇದಾದ ಮೇಲೆ ಗಾಜನ್ನು ಅಂಚಿನಲ್ಲಷ್ಟೇ ಹಿಡಿಯಬೇಕು.

ಅಂಟುನೀರು

ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿಗೆ ಒಂದು ಕ್ಯಾಪ್ಸೂಲ್. ಇಷ್ಟು ಕಡಿಮೆಯೇ ಎಂದು ಅನುಮಾನ ಬರುತ್ತದೆ, ಬಂದರೂ ಹೆಚ್ಚು ಹಾಕಬೇಡಿ. ಜಿಲೆಟಿನ್ ಹೆಚ್ಚಾದರೆ ಗಾಜು ಮತ್ತು ಚಿನ್ನದ ನಡುವೆ ಮಂಜಿನ ಪರೆ ನಿಲ್ಲುತ್ತದೆ. ಒಣಗಿದ ಚಿನ್ನವನ್ನು ಹತ್ತಿಯಿಂದ ಸವರಿದಾಗ ಎದ್ದು ಬರುತ್ತಿದ್ದರೆ ಮುಂದಿನ ಸಲ ಎರಡು ಕ್ಯಾಪ್ಸೂಲ್ ಹಾಕಿ, ಅದಕ್ಕಿಂತ ಮೇಲೆ ಹೋಗಬೇಡಿ.

ಸ್ಟೀಲ್ ಪಾತ್ರೆಯಲ್ಲಿ ಒಂದು ಲೋಟ ನೀರು ಬಿಸಿ ಮಾಡಿ, ಕ್ಯಾಪ್ಸೂಲಿನ ಎರಡು ಹೋಳುಗಳನ್ನು ಬಿಡಿಸಿ ಹಾಕಿ, ಪೂರ್ತಿ ಕರಗುವವರೆಗೆ ಕಲಕಿ. ಉಳಿದ ನೀರು ಸೇರಿಸಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಪಾತ್ರೆ ಎಣ್ಣೆ ಕಂಡದ್ದಾಗಿರಬಾರದು. ಇದಕ್ಕೆಂದೇ ಒಂದನ್ನು ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ಮಾಡಿದ ದಿನವೇ ಬಳಸಿ ಮುಗಿಸಿ, ಮಿಕ್ಕದ್ದನ್ನು ಚೆಲ್ಲಿ. ನಮ್ಮ ಹವೆಯಲ್ಲಿ ಜಿಲೆಟಿನ್ ನೀರು ಬೇಗ ಕೆಡುತ್ತದೆ.

ರೇಕು ಇಡುವುದು

ಮೊದಲು ಫ್ಯಾನ್ ಆರಿಸಿ. ಕಿಟಕಿ ಮುಚ್ಚಿ. ರೇಕಿನ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು, ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಹಸಿರಾಗಿ ತೂರಿ ಬರುತ್ತದೆ. ಯಾರಾದರೂ ಬಾಗಿಲು ಬೀಸಿ ತೆರೆದರೆ ಸಾಕು, ಮುದುಡಿ ಹೋಗುತ್ತದೆ. ಮಾತಾಡುವಾಗಲೂ ಮುಖ ಆಚೆ ತಿರುಗಿಸಿ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಒಣ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಹಿಡಿಯದಿರುವುದೇ ಲೇಸು, ಅಂಟುನೀರು ಒಣಗುವುದೇ ಇಲ್ಲ.

ಗಾಜನ್ನು ಹಲಗೆಗೆ ಒರಗಿಸಿ, ಬಹುಮಟ್ಟಿಗೆ ನೆಟ್ಟಗೆ, ತುಸು ಹಿಂದಕ್ಕೆ ವಾಲಿದಂತೆ ನಿಲ್ಲಿಸಿ. ಹಿಂಬದಿ ನಿಮ್ಮ ಕಡೆಗಿರಲಿ. ಕೆಳಗೆ ದಪ್ಪ ಟವೆಲ್ ಹಾಸಿ, ಇಳಿಯುವ ನೀರೆಲ್ಲ ಅದರಲ್ಲಿ ಇಂಗಲಿ.

ಟಿಪ್ ಬ್ರಷ್ಷನ್ನು ಕೆನ್ನೆಯ ಮೇಲೆ ಒಮ್ಮೆ ಮೆಲ್ಲಗೆ ಸವರಿಕೊಳ್ಳಿ. ಚರ್ಮದ ಎಣ್ಣೆಯ ಅಂಶ ಕಣ್ಣಿಗೆ ಕಾಣದಷ್ಟು ಕೂದಲಿಗೆ ಹತ್ತುತ್ತದೆ, ರೇಕು ಅಂಟಿಕೊಳ್ಳಲು ಅಷ್ಟು ಸಾಕು. ಪೌಡರು, ಕ್ರೀಮು ಹಚ್ಚಿದ ಕೆನ್ನೆ ಬೇಡ. ಪುಸ್ತಕದ ಒಂದು ಹಾಳೆಯನ್ನು ಹಿಂದಕ್ಕೆ ಮಡಚಿ, ರೇಕಿನ ಮೇಲಂಚು ಹೊರಗೆ ಕಾಣುವಂತೆ ಎಡಗೈಯಲ್ಲಿ ಹಿಡಿಯಿರಿ. ಬ್ರಷ್ಷಿನ ತುದಿಯನ್ನು ಆ ಅಂಚಿಗೆ ಒಂದು ಸೆಂ.ಮೀ.ನಷ್ಟು ತಾಗಿಸಿದರೆ ರೇಕು ಅದಕ್ಕೆ ತೂಗಿಕೊಳ್ಳುತ್ತದೆ. ಹಾಳೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದುಕೊಂಡರೆ ಪೂರ್ತಿ ಬಿಡಿಸಿಕೊಂಡು ಬರುತ್ತದೆ.

ಅದಕ್ಕೂ ಮೊದಲು ಗಾಜಿನ ಮೇಲೆ, ಗುರುತಿನ ಚೌಕದ ಮೇಲ್ಭಾಗದಲ್ಲಿ, ಎರಡು ಇಂಚಿನ ಬ್ರಷ್ಷಿನಿಂದ ಅಂಟುನೀರು ಧಾರಾಳವಾಗಿ ಹರಿಸಿರಬೇಕು. ಧಾರಾಳ ಎಂದರೆ ಧಾರೆ ಇಳಿಯಬೇಕು. ನೀರು ಕಡಿಮೆಯಾದ ಕಡೆ ರೇಕು ಮುಟ್ಟಿದ್ದೇ ಅಲ್ಲೇ ಕಚ್ಚಿಕೊಂಡು ಬಿರುಕು ಬಿಡುತ್ತದೆ. ಸಾಕಷ್ಟು ನೀರಿದ್ದರೆ ಅದರ ಮೇಲೆ ತೇಲಿ ತಾನೇ ಸುಕ್ಕು ಬಿಡಿಸಿಕೊಳ್ಳುತ್ತದೆ.

ಈಗ ರೇಕನ್ನು ಗಾಜಿಗೆ ಸಮಾನಾಂತರವಾಗಿ ಹತ್ತಿರ ತನ್ನಿ. ಒತ್ತುವ ಅಗತ್ಯವೇ ಇಲ್ಲ. ಕೆಳಂಚು ನೀರಿಗೆ ತಾಗುತ್ತಿದ್ದಂತೆ ರೇಕು ಬ್ರಷ್ಷನ್ನು ಬಿಟ್ಟು ಗಾಜಿಗೆ ಹಾರುತ್ತದೆ. ಈ ಕಸುಬಿನಲ್ಲಿ ನನಗೆ ಎಂದೂ ಹಳತಾಗದ ಗಳಿಗೆ ಅದು: ಕೈಯಲ್ಲಿದ್ದ ಚಿನ್ನ ಕಣ್ಣೆದುರೇ ಗಾಜಿನ ಚಿನ್ನವಾಗಿರುತ್ತದೆ. ಬ್ರಷ್ಷಿನ ಕೂದಲು ನೀರಿಗೆ ತಾಗಬಾರದು. ತಾಗಿದರೆ ಮುಂದಿನ ರೇಕು ಅದಕ್ಕೇ ಮೆತ್ತಿಕೊಳ್ಳುತ್ತದೆ. ಪೂರ್ತಿ ಒಣಗಿಸಿಕೊಂಡೇ ಮುಂದುವರಿಯಿರಿ.

ಮೇಲಿನ ಸಾಲಿನಿಂದ ಆರಂಭಿಸಿ. ಪ್ರತಿ ರೇಕೂ ಪಕ್ಕದ್ದರ ಮೇಲೆ 3 ಮಿ.ಮೀ. ಏರಿರಲಿ. ಮೇಲಿನ ಸಾಲು ಮುಗಿಸಿ, ಅದರ ಕೆಳಗೆ ಮತ್ತೆ ನೀರು ಹರಿಸಿ ಎರಡನೆಯ ಸಾಲು ಇಡಿ. ಕೆಳಗಿನಿಂದ ಮೇಲಕ್ಕೆ ಹೋದರೆ ಮೇಲೆ ಹಚ್ಚಿದ ನೀರೆಲ್ಲ ಆಗಲೇ ಇಟ್ಟ ರೇಕಿನ ಮೇಲೆ ಹರಿದು ಅದನ್ನು ಕದಲಿಸುತ್ತದೆ. ನಮ್ಮ ಫಲಕಕ್ಕೆ ಹೆಸರಿನ ಸುತ್ತ ಒಂದು ಸೆಂ.ಮೀ. ಅಂಚು ಬಿಟ್ಟು ಲೆಕ್ಕ ಹಾಕಿದರೆ 30 ಸೆಂ.ಮೀ. ಅಗಲ, 11 ಸೆಂ.ಮೀ. ಎತ್ತರ, ಸಾಲಿಗೆ ನಾಲ್ಕರಂತೆ ಎರಡು ಸಾಲು, ಎಂಟು ರೇಕು. ಎರಡು ಸುತ್ತಿಗೆ ಹದಿನಾರು. ತೇಪೆಗೂ, ಕೈತಪ್ಪಿ ಹೋಗುವುದಕ್ಕೂ ಒಂಬತ್ತು ಉಳಿಯುತ್ತವೆ, ಒಂದೇ ಪುಸ್ತಕದಲ್ಲಿ ಕೆಲಸ ಮುಗಿಯುತ್ತದೆ.

ಒಣಗುವುದು, ಎರಡನೆಯ ಸುತ್ತು

ಒದ್ದೆಯಾಗಿರುವಾಗ ಮುಂಬದಿಯಿಂದ ನೋಡಿದರೆ ಚಿನ್ನ ಮಂಕಾಗಿ, ಕೊಳೆಯಾದಂತೆ ಕಾಣುತ್ತದೆ. ಗಾಬರಿ ಬೇಡ. ನೀರು ಆರುತ್ತ ಬಂದಂತೆ ಅಂಚಿನಿಂದ ಹೊಳಪು ಹಬ್ಬುತ್ತ ಹೋಗುತ್ತದೆ. ಇಡೀ ಜಾಗ ಒಂದೇ ಸಮನಾಗಿ ಹೊಳೆಯುವವರೆಗೆ ಮುಟ್ಟಬಾರದು. ಒಣ ದಿನದಲ್ಲಿ ಇದಕ್ಕೆ ಒಂದೆರಡು ಗಂಟೆ ಹಿಡಿಯಬಹುದು, ಥಂಡಿ ಹವೆಯಲ್ಲಿ ಇನ್ನೂ ಹೆಚ್ಚು. ಹೇರ್ ಡ್ರೈಯರ್ ಹಿಡಿದು ಅವಸರ ಮಾಡಬೇಡಿ.

ಪೂರ್ತಿ ಒಣಗಿದ ಮೇಲೆ ಹತ್ತಿಯ ಉಂಡೆಯಿಂದ ರೇಕಿನ ಮೇಲೆ ತೂಕವೇ ಬಿಡದೆ ಸವರಿ. ಏರಿದ ಅಂಚುಗಳ ಹೆಚ್ಚುವರಿ ಚಿನ್ನ ಉದುರುತ್ತದೆ. ಉದುರಿದ ಪುಡಿಯನ್ನು ಒಂದು ಡಬ್ಬಿಯಲ್ಲಿ ಕೂಡಿಡಿ, ಮೈಸೂರು ಚಿತ್ರ ಬರೆಯುವವರಿಗೆ ಸಣ್ಣಪುಟ್ಟ ಜಾಗ ತುಂಬಲು ಅದು ಉಪಯೋಗಕ್ಕೆ ಬರುತ್ತದೆ.

ಗಾಜನ್ನು ಬೆಳಕಿಗೆ ಎದುರಾಗಿ ಎತ್ತಿ ಹಿಡಿದು ನೋಡಿ. ನಕ್ಷತ್ರದ ಚುಕ್ಕಿಗಳಷ್ಟು ಸಣ್ಣ ತೂತುಗಳು, ಕೂದಲೆಳೆಯ ಬಿರುಕುಗಳು ಕಾಣುತ್ತವೆ. ಅದಕ್ಕೇ ಎರಡನೆಯ ಸುತ್ತು. ಅದೇ ಅಂಟುನೀರನ್ನು ಮೊದಲ ಚಿನ್ನದ ಮೇಲೆ ಹರಿಸಬೇಕು. ಬ್ರಷ್ಷಿನಿಂದ ಉಜ್ಜಬಾರದು, ತುಂಬ ಮೆತ್ತಗೆ ಒಂದೇ ಎಳೆತ. ಮತ್ತೆ ಎಂಟು ರೇಕು. ಈ ಸಲ ಜೋಡಣೆಯ ಗೆರೆ ಮೊದಲಿನದರ ಮೇಲೆ ಬೀಳದಂತೆ ಅರ್ಧ ರೇಕಿನಷ್ಟು ಸರಿಸಿ ಇಡಿ. ಹಾಗೆ ಸರಿಸಿದಾಗ ಸಾಲಿನ ಒಂದು ತುದಿಯಲ್ಲಿ ತುಸು ಜಾಗ ಉಳಿಯಬಹುದು, ಅದನ್ನು ಮಿಕ್ಕ ರೇಕಿನ ತುಂಡಿನಿಂದ ತುಂಬಿ.

ಇದೂ ಒಣಗಿದ ಮೇಲೆ ಬಿಸಿನೀರಿನ ಉಪಚಾರ. ಡಿಸ್ಟಿಲ್ಡ್ ನೀರನ್ನು ಸ್ನಾನದ ನೀರಿಗಿಂತ ಸ್ವಲ್ಪ ಹೆಚ್ಚು ಬಿಸಿ ಮಾಡಿ ಚಿನ್ನದ ಮೇಲೆ ಮೇಲಿನಿಂದ ಹರಿಯಬಿಡಿ. ಬಿಸಿಗೆ ಜಿಲೆಟಿನ್ ಸಡಿಲವಾಗಿ ಹೆಚ್ಚಾದದ್ದು ಇಳಿದುಹೋಗುತ್ತದೆ, ಚಿನ್ನ ಗಾಜಿಗೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಮುಂಬದಿಯಿಂದ ನೋಡಿದರೆ ಹೊಳಪು ಏರಿದ್ದು ತಿಳಿಯುತ್ತದೆ. ಕುದಿಯುವ ನೀರು ತಣ್ಣನೆಯ ಗಾಜನ್ನು ಸೀಳಬಹುದು, ಹಾಗಾಗಿ ಅಷ್ಟಕ್ಕೆ ಹೋಗಬೇಡಿ. ರಾತ್ರಿಯಿಡೀ ಒಣಗಲು ಬಿಡಿ.

ಹಿಂಬಣ್ಣ: ಅಕ್ಷರ ಹುಟ್ಟುವ ಹಂತ

ಈವರೆಗೆ ಗಾಜಿನ ಮೇಲಿರುವುದು ಚಿನ್ನದ ಒಂದು ಚೌಕ ಅಷ್ಟೆ. ಅದರ ಮೇಲೆ ಅಕ್ಷರವನ್ನು ಬಣ್ಣದಿಂದ ಬರೆದರೆ ಬಣ್ಣದಡಿಯ ಚಿನ್ನ ಉಳಿಯುತ್ತದೆ, ಉಳಿದದ್ದನ್ನು ಒರೆಸಿ ತೆಗೆಯುತ್ತೇವೆ.

ಟ್ರೇಸಿಂಗ್ ಪೇಪರನ್ನು ಮಗುಚಿ ಚಿನ್ನದ ಮೇಲೆ ಇಟ್ಟು, ಮೂಲೆಗಳನ್ನು ಚಿನ್ನವಿಲ್ಲದ ಕಡೆ ಟೇಪಿನಿಂದ ಅಂಟಿಸಿ, ಚಾಕ್ ಗಂಟಿನಿಂದ ತಟ್ಟಿ. ಈಗ ಕಾಣುವ ಚುಕ್ಕಿಗಳಲ್ಲಿ 'ಗು' ನಿಮ್ಮ ಎಡಕ್ಕೂ 'ಬೆ' ಬಲಕ್ಕೂ ಇರಬೇಕು, ಎರಡೂ ಕನ್ನಡಿಯಲ್ಲಿ ಕಂಡ ಹಾಗೆ.

ಬಣ್ಣಕ್ಕೆ ಸಿಂಥೆಟಿಕ್ ಎನಾಮೆಲ್ ಒಳ್ಳೆಯದು. ಹಳೆಯ ಬೋರ್ಡಿನವರು ಕಪ್ಪು ಜಪಾನ್ ಎಂಬ ಕಪ್ಪು ವಾರ್ನಿಷ್ ಬಳಸುತ್ತಿದ್ದರು, ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ 'ಬ್ಲ್ಯಾಕ್ ಜಪಾನ್' ಇಂದಿಗೂ ಸಿಗುತ್ತದೆ. ಆದರೆ ಅದರಲ್ಲಿರುವ ಡಾಂಬರಿನಂಥ ಅಂಶ ಮೇಲೆ ಹಚ್ಚುವ ಎಣ್ಣೆಬಣ್ಣಕ್ಕೆ ಸೋರಿ ಕಂದು ಕಲೆ ಮಾಡುತ್ತದೆ. ತಿಳಿ ಬಣ್ಣದ ಹಿನ್ನೆಲೆ ಹಾಕುವವರು ಅದನ್ನು ಮುಟ್ಟದಿರಿ. ನಾನು ಆರಿಸುವುದು ಹಳದಿ ಎನಾಮೆಲ್. ಚಿನ್ನದಲ್ಲಿ ಎಲ್ಲೋ ಸೂಜಿಮೊನೆಯ ತೂತು ಉಳಿದಿದ್ದರೆ ಹಿಂದಿನ ಹಳದಿ ಅದನ್ನು ಮುಚ್ಚಿಕೊಳ್ಳುತ್ತದೆ, ಕಪ್ಪಾದರೆ ಅದೇ ತೂತು ಎದ್ದು ಕಾಣುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಈ ಹಂತಕ್ಕೆ ಬೇಡ, ಮುಂದೆ ಒರೆಸುವಾಗ ನೀರಿಗೆ ತಡೆದುಕೊಳ್ಳಬೇಕು.

ಕೈ ಚಿನ್ನಕ್ಕೆ ತಾಗದಂತೆ ಗಾಜಿನ ಮೇಲೆ ಅಡ್ಡ ಕೋಲೊಂದನ್ನು ಆಸರೆಯಾಗಿ ಇಟ್ಟುಕೊಳ್ಳಿ. ಮೊದಲು ಹೊರರೇಖೆ, ಆಮೇಲೆ ಒಳಗಿನ ತುಂಬುವಿಕೆ. ಇಲ್ಲಿ ಕೈ ನಿಧಾನವಾಗಲಿ. ಕಾಗದದ ಮೇಲಿನ ಬರಹದಲ್ಲಿ ಅಂಚು ಅಂಕುಡೊಂಕಾದರೆ ಆಮೇಲೆ ಕಪ್ಪು ಗೆರೆ ಎಳೆದು ತಿದ್ದಬಹುದು. ಗಾಜಿನಲ್ಲಿ ಆ ಅವಕಾಶವಿಲ್ಲ, ಆಮೇಲೆ ಎಳೆದ ಗೆರೆ ಚಿನ್ನದ ಹಿಂದೆ ಹೋಗುತ್ತದೆ, ಚಿನ್ನದ ಅಂಚು ಹೇಗಿದೆಯೋ ಹಾಗೆಯೇ ಮುಂದೆ ಕಾಣುತ್ತದೆ. ಈಗ ನೀವು ಎಳೆಯುವ ಅಂಚೇ ಕೊನೆಯ ಅಂಚು.

ದುಂಡು ಅಕ್ಷರದ ಬಾಗನ್ನು ಒಂದೇ ಉಸಿರಿಗೆ ಎಳೆಯಲಾಗದವರಿಗೆ ಇನ್ನೊಂದು ದಾರಿಯಿದೆ. ಚಿನ್ನ ಹಚ್ಚುವ ಮೊದಲೇ, ಶುದ್ಧ ಗಾಜಿನ ಹಿಂಬದಿಗೆ ಅಕ್ಷರದ ಸುತ್ತ 2 ಮಿ.ಮೀ. ಕಪ್ಪು ಹೊರರೇಖೆಯನ್ನು ಎನಾಮೆಲ್‌ನಿಂದ ಬರೆಯುವುದು. ಗಾಜು ಪಾರದರ್ಶಕ, ಆದ್ದರಿಂದ ಚಿತ್ರವನ್ನು ಮುಂಬದಿಗೆ ಅಂಟಿಸಿಕೊಂಡು ನೇರವಾಗಿ ನೋಡುತ್ತ ಬರೆಯಬಹುದು. ತಪ್ಪಿದರೆ ಒಣಗಿದ ಮೇಲೆ ಬ್ಲೇಡಿನಿಂದ ಕೆರೆದು ನೇರ ಮಾಡಬಹುದು. ರೇಖೆ ಚೆನ್ನಾಗಿ ಗಟ್ಟಿಯಾಗಲು ನಾಲ್ಕೈದು ದಿನ ಬಿಟ್ಟು, ಗಾಜನ್ನು ಮತ್ತೆ ಮೆಲ್ಲಗೆ ಶುಚಿ ಮಾಡಿ, ಅದರ ಮೇಲೆ ಚಿನ್ನ. ಆಗ ಹಿಂಬಣ್ಣ ಹೊರರೇಖೆಯ ದಪ್ಪದೊಳಗೆ ಎಲ್ಲಿ ನಿಂತರೂ ಮುಂದಿನಿಂದ ತಿಳಿಯುವುದಿಲ್ಲ. ಇದರ ತೊಡಕು ಒಂದೇ: ಬಣ್ಣದ ಅಂಚಿನ ಪಕ್ಕ ನೀರು ನಿಂತು ಅಲ್ಲಿ ಚಿನ್ನ ಸುಕ್ಕಾಗಬಹುದು. ಬಣ್ಣ ತೆಳುವಾಗಿದ್ದಷ್ಟೂ ಸುಕ್ಕು ಕಡಿಮೆ. ಕನ್ನಡದ ಸುಳಿಗಳಿಗೆ, ಮೊದಲ ಫಲಕಕ್ಕೆ, ನಾನು ಈ ದಾರಿಯನ್ನೇ ಹೇಳುತ್ತೇನೆ.

ಹೆಚ್ಚಿನ ಚಿನ್ನ ತೆಗೆಯುವುದು

ಹಿಂಬಣ್ಣ ಕನಿಷ್ಠ ಒಂದು ಪೂರ್ತಿ ದಿನ ಒಣಗಲಿ. ಥಂಡಿಯಾಗಿದ್ದರೆ ಎರಡು ಮೂರು ದಿನ. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು. ಒದ್ದೆ ಹತ್ತಿಗೆ ಚಿಟಿಕೆ ಚಾಕ್ ಪುಡಿ ಹಾಕಿಕೊಂಡು ಅಕ್ಷರದ ಸುತ್ತಲ ಚಿನ್ನವನ್ನು ಉಜ್ಜಿ. ಬಣ್ಣದ ರಕ್ಷೆ ಇಲ್ಲದ ಚಿನ್ನ ತಕ್ಷಣ ಎದ್ದು ಬರುತ್ತದೆ. ಉಜ್ಜುವ ದಿಕ್ಕು ಅಕ್ಷರದ ಅಂಚಿಗೆ ಸಮವಾಗಿರಲಿ, ಅಡ್ಡಲಾಗಿ ಉಜ್ಜಿದರೆ ಅಂಚಿನ ಚಿನ್ನವೂ ಕಿತ್ತುಬರಬಹುದು. ಸುಳಿಯೊಳಗಿನ ಜಾಗಕ್ಕೆ ಊದುಬತ್ತಿ ಕಡ್ಡಿಯಷ್ಟು ಸಣ್ಣ ಬಿದಿರಕಡ್ಡಿಯ ತುದಿಗೆ ಹತ್ತಿ ಸುತ್ತಿ ಬಳಸಿ. ಉಳಿದ ಮುಳ್ಳುಮುಳ್ಳು ಅಂಚನ್ನು ಹೊಸ ಬ್ಲೇಡನ್ನು ಗಾಜಿಗೆ ಮಲಗಿಸಿದಂತೆ ಹಿಡಿದು ಕೆರೆದು ತೆಗೆಯಿರಿ.

ಈಗ ಗಾಜನ್ನು ತಿರುಗಿಸಿ ನೋಡಿ. ಹೆಸರು ಓದಲು ಬರುತ್ತದೆ.

ನೆರಳು, ಹಿನ್ನೆಲೆ

ಬರೀ ಚಿನ್ನದ ಅಕ್ಷರ, ಕಡು ಹಸಿರು ಹಿನ್ನೆಲೆ, ಇಷ್ಟೇ ಸಾಕು ಎನ್ನುವವರು ನೇರ ಹಿನ್ನೆಲೆಗೆ ಹೋಗಬಹುದು. ನೆರಳು ಬೇಕಾದರೆ ಅದು ಹಿನ್ನೆಲೆಗಿಂತ ಮೊದಲು. ಇಂಗ್ಲಿಷ್ ಬೋರ್ಡುಗಳಲ್ಲಿ ನೆರಳನ್ನು ಹೆಚ್ಚಾಗಿ ಅಕ್ಷರದ ಎಡಕ್ಕೆ ಮತ್ತು ಕೆಳಕ್ಕೆ ಹಾಕುವ ರೂಢಿ. ಕನ್ನಡಕ್ಕೂ ಅದೇ ಹೊಂದುತ್ತದೆ, ಕಾರಣ ನಮ್ಮ ಕೊಂಬು, ದೀರ್ಘ, ಹಲವು ಗುಣಿತಚಿಹ್ನೆಗಳು ಬಲಕ್ಕೆ ಚಾಚುತ್ತವೆ. ನೆರಳೂ ಬಲಕ್ಕೇ ಬಿದ್ದರೆ ಗಿಜಿಗಿಜಿ. ಮುಂದಿನಿಂದ ಎಡ ಎಂದರೆ ಹಿಂದಿನಿಂದ ಬರೆಯುವ ನಿಮಗೆ ಬಲ. ಅಕ್ಷರಕ್ಕೂ ನೆರಳಿಗೂ ನಡುವೆ 2 ಮಿ.ಮೀ. ಖಾಲಿ ಬಿಟ್ಟರೆ ಅಲ್ಲಿ ಹಿನ್ನೆಲೆಯ ಬಣ್ಣ ತುಂಬಿಕೊಂಡು ಚಿನ್ನ ಬಿಡಿಯಾಗಿ ಎದ್ದು ನಿಲ್ಲುತ್ತದೆ.

ಹಿನ್ನೆಲೆಗೆ ಕಡು ಹಸಿರು, ಕುಂಕುಮಗೆಂಪು, ಕಪ್ಪು ಇವು ಚಿನ್ನಕ್ಕೆ ಒಪ್ಪುತ್ತವೆ. ಬಿಳಿ ಬೇಡ, ಚಿನ್ನ ಅದರ ಮುಂದೆ ಮಂಕಾಗುತ್ತದೆ. ಎನಾಮೆಲ್ ಅನ್ನು ಇಡೀ ಹಿಂಬದಿಗೆ, ಅಕ್ಷರಗಳ ಮೇಲೂ ಸೇರಿಸಿ, ತೆಳುವಾಗಿ ಎರಡು ಸಲ ಹಚ್ಚಿ. ನಡುವೆ ಒಂದು ದಿನ ಬಿಡಿ. ಕೊನೆಗೆ ಅಂಚಿನವರೆಗೂ ಒಂದು ಪದರ ಎಣ್ಣೆ ವಾರ್ನಿಷ್.

ಹಳೆಯ ಪಬ್ಬುಗಳ ಫಲಕಗಳಲ್ಲಿ ಅಕ್ಷರದ ಅಂಚು ಹೊಳೆಯುತ್ತ, ನಡುವೆ ಮಂದ ಚಿನ್ನವಿರುವುದನ್ನು ಕಾಣಬಹುದು. ಅಂಚನ್ನಷ್ಟೇ ಮೇಲಿನ ಕ್ರಮದಲ್ಲಿ ಮಾಡಿ, ನಡುವಿನ ಚಿನ್ನವನ್ನೂ ಒರೆಸಿ ತೆಗೆದು, ಆ ಜಾಗಕ್ಕೆ ಆಯಿಲ್ ಸೈಜ್ ಹಚ್ಚಿ, ಬೆರಳಿಗೆ ಅಂಟಂಟು ಎನಿಸುವ ಹದಕ್ಕೆ ಬಂದಾಗ ರೇಕು ಇಡುತ್ತಾರೆ. ಎರಡನೆಯ ಫಲಕದಲ್ಲಿ ಇದಕ್ಕೆ ಕೈಹಾಕಿ. ಅದೇ ಪಬ್ಬುಗಳ ಗಾಜುಗಳಲ್ಲಿ ಆಸಿಡ್ಡಿನಿಂದ ಕೊರೆದ ಹೂಬಳ್ಳಿಗಳೂ ಇರುತ್ತವೆ. ಗಾಜು ಕೊರೆಯುವ ಆ ಹೈಡ್ರೋಫ್ಲೋರಿಕ್ ಆಸಿಡ್ ಚರ್ಮದ ಮೂಲಕ ಒಳಗಿಳಿದು ಪ್ರಾಣಕ್ಕೇ ಅಪಾಯ ತರುವಂಥದ್ದು. ಮನೆಗೆ ಅದನ್ನು ತರಲೇಬೇಡಿ.

ಕೆಟ್ಟರೆ ಎಲ್ಲಿ ನೋಡಬೇಕು

ಒಣಗಿದ ಮೇಲೂ ಚಿನ್ನ ಹಾಲು ಹಾಲಾಗಿ ಕಂಡರೆ ಜಿಲೆಟಿನ್ ಹೆಚ್ಚಾಗಿದೆ, ಬಿಸಿನೀರನ್ನು ಇನ್ನೊಮ್ಮೆ ಹರಿಸಿ. ದುಂಡನೆಯ ಬೋಳು ಕಲೆಗಳು ಉಳಿದರೆ ಗಾಜಿನಲ್ಲಿ ಜಿಡ್ಡಿತ್ತು, ತೇಪೆ ಹಾಕಿದರೂ ಹಿಡಿಯದು. ಎಲ್ಲ ಒರೆಸಿ ತೊಳೆಯುವುದರಿಂದಲೇ ಶುರು ಮಾಡಬೇಕು. ಸಣ್ಣ ಬಿರುಕುಗಳ ಬಲೆ ಕಂಡರೆ ಅಂಟುನೀರು ಸಾಲದೆ ಹೋಗಿದೆ, ಎರಡನೆಯ ಸುತ್ತು ಅದನ್ನು ಸರಿಪಡಿಸುತ್ತದೆ. ಹಿಂಬಣ್ಣ ಹಚ್ಚಿದ ಮೇಲೆ ಚಿನ್ನ ಬಣ್ಣದೊಂದಿಗೆ ಸುರುಳಿಯಾಗಿ ಏಳುತ್ತಿದ್ದರೆ ಒಳಗಿನ ತೇವ ಆರುವ ಮೊದಲೇ ಬಣ್ಣ ಬಿದ್ದಿದೆ ಎಂದರ್ಥ.

ಗೋಡೆಗೆ ಹಾಕುವಾಗ

ಚಿನ್ನ ಗಾಜಿನ ಹಿಂದಿರುವುದರಿಂದ ಮುಂದಿನ ಮಳೆ, ಧೂಳು ಅದನ್ನು ಮುಟ್ಟುವುದಿಲ್ಲ. ಅಪಾಯ ಬರುವುದು ಹಿಂದಿನಿಂದ. ಗೋಡೆಯ ಥಂಡಿ ಬಣ್ಣದೊಳಕ್ಕೆ ನುಸುಳಿದರೆ ಜಿಲೆಟಿನ್ ಸಡಿಲವಾಗಿ ಬಣ್ಣದ ಜೊತೆ ಚಿನ್ನವೂ ಬಿಡುತ್ತದೆ. ಮರದ ಚೌಕಟ್ಟಿನಲ್ಲಿ ಗಾಜು ಕೂರಿಸಿ, ಹಿಂದೆ ಗಾಳಿಯಾಡಲು ಅರ್ಧ ಇಂಚು ಎಡೆ ಬಿಟ್ಟು, ಆಮೇಲೆ ಹಲಗೆ ಮುಚ್ಚಿ. ಚೌಕಟ್ಟಿನ ಕೆಳಪಟ್ಟಿಯಲ್ಲಿ ಎರಡು ಸಣ್ಣ ತೂತುಗಳಿದ್ದರೆ ಒಳಗೆ ಸೇರಿದ ನೀರು ಇಳಿದುಹೋಗುತ್ತದೆ. ಪಡಸಾಲೆ ಅಥವಾ ಸಜ್ಜದ ಕೆಳಗೆ, ಪಕ್ಕದಿಂದ ಬೆಳಕು ಬೀಳುವ ಜಾಗ ಉತ್ತಮ. ನೇರ ಎದುರಿನಿಂದ ಬಿಸಿಲು ಬಿದ್ದರೆ ಗಾಜು ಬಿಸಿಲನ್ನೇ ತೋರಿಸುತ್ತದೆ, ಹೆಸರು ಕಾಣುವುದಿಲ್ಲ. ಮುಂಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ನೀರು ಮಾತ್ರ ಅಂಚಿನಿಂದ ಹಿಂದಕ್ಕೆ ಹರಿಯದಿರಲಿ. ಮಳೆಗಾಲ ಮುಗಿದ ಮೇಲೆ ಹಿಂದಿನ ಹಲಗೆ ಬಿಚ್ಚಿ ಒಮ್ಮೆ ನೋಡಿ, ವಾರ್ನಿಷ್ ಅಂಚಿನಲ್ಲಿ ಎದ್ದಿದ್ದರೆ ಆ ಜಾಗಕ್ಕಷ್ಟೇ ಮತ್ತೊಂದು ಪದರ ಹಚ್ಚಿ ಒಣಗಿಸಿ ಮುಚ್ಚಿ.